ಟೈಲರಮ್ಮ ಬಿಟ್ಟುಕೊಡದ ಎರಡು ಪದರ

ಮೊದಲ ರೇಸಿಗೆ ಇನ್ನು ಆರೇ ವಾರ. ಒಬ್ಬರೇ ಕೂರುವ ಹೊಸ ರೇಸ್ ಕಾರು ಇರಬೇಕಾದ್ದಕ್ಕಿಂತ ಒಂಬೈನೂರು ಗ್ರಾಂ ಹೆಚ್ಚು ತೂಗುತ್ತಿತ್ತು. ಚಾಲಕಿ ಕೂರುವ ಗೂಡಿನ ಎರಡೂ ಪಕ್ಕಗಳಲ್ಲಿ ಕಾರ್ಬನ್ ಬಟ್ಟೆಯ ಎರಡೆರಡು ಪದರ ಕಡಿಮೆ ಮಾಡಿದರೆ ತೂಕ ಸರಿಹೋಗುತ್ತದೆ ಎಂದು ಮುಖ್ಯ ವಿನ್ಯಾಸಕ ಹೊಸ ನಕ್ಷೆ ತಂದು ಮೇಜಿನ ಮೇಲೆ ಹರಡಿದ.

ಆ ಬಟ್ಟೆ ಕತ್ತರಿಸುವವಳು ಅವನ ಒಡಹುಟ್ಟಿದ ತಂಗಿ. ಹೊಲಿಗೆ ಅಂಗಡಿಯಲ್ಲಿ ಹನ್ನೊಂದು ವರ್ಷ ಕೋಟು ಹೊಲಿದು ಬಂದವಳಾದ್ದರಿಂದ ಕಾರ್ಖಾನೆಗೆಲ್ಲ ಅವಳು ಟೈಲರಮ್ಮ. ಬೇಯಿಸಿದರೆ ಉಕ್ಕಿನಂತೆ ಗಟ್ಟಿಯಾಗುವ, ಅಂಟು ತುಂಬಿದ ಆ ಕರಿ ಬಟ್ಟೆಯನ್ನು ಫ್ರೀಜರಿನಿಂದ ತೆಗೆದು, ಅಚ್ಚಿನೊಳಗೆ ಒಂದು ಸುಕ್ಕೂ ಬಾರದಂತೆ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ನಾನು ಕತ್ತರಿಸಲ್ಲ," ಎಂದಳು.

"ಕಂಪ್ಯೂಟರ್ ಲೆಕ್ಕದಲ್ಲಿ ತಡಿಯತ್ತೆ ಕಣೇ."

"ಹಾಗಾದ್ರೆ ಕಂಪ್ಯೂಟರ್ ಕೈಲೇ ಕತ್ತರಿಸ್ಕೋ."

ಪಕ್ಕದ ಮೇಜಿನವರು ನಗು ತಡೆಯಲಾರದೆ ಕೆಮ್ಮಿದರು. ಅಣ್ಣ ಅಂದೇ ಅವಳನ್ನು ಸೀಟು ತಯಾರಿಸುವ ಕೋಣೆಗೆ ಅಟ್ಟಿ, ತೆಳು ಗೂಡನ್ನು ಬೇರೆಯವರಿಂದ ಮಾಡಿಸಿದ.

ಮನೆಯಲ್ಲಿ ಅಮ್ಮ ಇಬ್ಬರಿಗೂ ಬಡಿಸುತ್ತಾ, "ಅಣ್ಣ ಅಲ್ವೇನೇ, ಸ್ವಲ್ಪ ಸೋತ್ರೆ ನಿನ್ನ ಗಂಟೇನು ಹೋಗತ್ತೆ?" ಎಂದಳು.

"ನನ್ನ ಗಂಟಲ್ಲಮ್ಮ, ಕಾರು ಓಡಿಸೋ ಹುಡುಗಿ ಪಕ್ಕೆಲುಬು ಹೋಗತ್ತೆ."

ಅಣ್ಣ ಸಾರಿನ ಪಾತ್ರೆ ತನ್ನತ್ತ ಎಳೆದುಕೊಂಡ.

ಹತ್ತನೇ ದಿನ ರೇಸಿನ ನಿಯಮದಂತೆ ಗೂಡಿನ ಪರೀಕ್ಷೆ. ಯಂತ್ರ ಪಕ್ಕದಿಂದ ಒಮ್ಮೆ ಬಲವಾಗಿ ಗುದ್ದಿತು, ಗೂಡು ತಡೆದುಕೊಂಡಿತು. ಅಣ್ಣ ಸಹಿಯಾದ ಕಾಗದ ಹಿಡಿದು ನೇರ ಸೀಟಿನ ಕೋಣೆಗೇ ಬಂದ. ಅಲ್ಲಿ ಚಾಲಕಿ ಬೆನ್ನಿನ ಅಳತೆ ಕೊಡುತ್ತಿದ್ದಳು.

"ನೋಡು, ಪಾಸು. ಈಗೇನಂತೀಯ?"

"ಒಂದು ಏಟಿಗೆ ಪಾಸು. ಎರಡನೇ ಏಟಿಗೆ?"

"ನಿಯಮದಲ್ಲಿ ಎರಡನೇ ಏಟಿಲ್ಲ."

"ರೇಸ್ ಟ್ರ್ಯಾಕಿನ ಗೋಡೆಗೆ ನಿಯಮ ಓದಿ ಹೇಳೋರು ಯಾರು, ಸರ್?"

ತಂಗಿಯ ಬಾಯಲ್ಲಿ ಆ 'ಸರ್' ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳು ಜೇಬಿನಿಂದ ಒಂದು ನಾಣ್ಯ ತೆಗೆದು, ಪರೀಕ್ಷೆ ಮುಗಿಸಿ ಬಂದ ಗೂಡಿನತ್ತ ನಡೆದಳು. ಅಣ್ಣನೂ ಚಾಲಕಿಯೂ ಅವಳ ಹಿಂದೆಯೇ ಹೋದರು. ಗೂಡಿನ ಮೇಲೆ ಒಂದು ಗೀರೂ ಇರಲಿಲ್ಲ. ಮುಂಭಾಗದಲ್ಲಿ ನಾಣ್ಯದಿಂದ ಬಡಿದಳು: ಟಣ್, ಟಣ್. ಪಕ್ಕಕ್ಕೆ ಬಂದಳು: ಟಣ್, ದಬ್, ದಬ್. ಅಂಗೈಯಗಲದ ಜಾಗದಲ್ಲಿ ಒಳಗಿನ ಪದರಗಳು ಒಂದನ್ನೊಂದು ಬಿಟ್ಟಿದ್ದವು.

ಅಣ್ಣ ನಾಣ್ಯ ಕಿತ್ತುಕೊಂಡು ತಾನೇ ಬಡಿದ. ಮತ್ತೆ ಮತ್ತೆ ಬಡಿದ.

"ಹೋದ ವರ್ಷದ ದಪ್ಪ ಗೂಡು ಪರೀಕ್ಷೆಯಾದ ಮೇಲೆ ಹೀಗೇ ಸದ್ದು ಮಾಡಿತ್ತಾ ಸರ್?" ಚಾಲಕಿ ಕೇಳಿದಳು.

ಅವನು ಸುಳ್ಳು ಹೇಳುವ ಮನುಷ್ಯನಲ್ಲ. "ಇಲ್ಲ," ಎಂದ.

"ಹಾಗಾದ್ರೆ ಅಕ್ಕ ಮಾಡಿಕೊಡೋ ದಪ್ಪ ಗೂಡಲ್ಲೇ ನಾನು ಕೂರೋದು. ಇಲ್ಲಾಂದ್ರೆ ನೀವೇ ಓಡಿಸ್ಕೊಳ್ಳಿ."

"ಒಂಬೈನೂರು ಗ್ರಾಂ ಎಲ್ಲಿಂದ ಇಳಿಸಲಿ ನಾನು?" ಅಣ್ಣ ಕೂಗಾಡಿದ.

"ಬಣ್ಣ ಕೆರಿ," ಎಂದಳು ತಂಗಿ.

ಕಾರ್ಖಾನೆ ಮಾಲೀಕರ ಮೆಚ್ಚಿನ ಕೆಂಪು ಬಣ್ಣವೇ ಒಂದು ಕಿಲೋ ಮೀರಿ ತೂಗುತ್ತಿತ್ತು. ಅವಳು ಹಳೆಯ ನಕ್ಷೆಯಂತೆ ಪೂರ್ತಿ ಪದರಗಳ ಗೂಡು ಕಟ್ಟಿದಳು, ಅದೂ ಪಾಸಾಯಿತು. ಅಷ್ಟರಲ್ಲಿ ಅಣ್ಣ ಅಂಗಿಯ ತೋಳು ಮಡಿಚಿ, ಕೆಳಗಿನ ಕರಿ ಮೈ ಕಾಣುವ ತನಕ ಕಾರಿನ ಹೊರಮೈಯನ್ನೆಲ್ಲ ತಾನೇ ಉಜ್ಜಿ ಕೆರೆದ.

ಕರಿ ಕಾರನ್ನು ಕಂಡ ಮಾಲೀಕರು ಸಿಡಿದುಬಿದ್ದರು. "ಇದೇನು, ಮಸಿ ಬಳ್ಕೊಂಡು ನಿಂತಿದೆ! ಯಾರದು ಈ ಅಧಿಕಪ್ರಸಂಗ?"

ತಂಗಿ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: "ನನ್ನದು. ಬಣ್ಣವೇ ಬೇಕು ಅಂದ್ರೆ ಬೇರೆ ವಿನ್ಯಾಸಕನನ್ನ ಹುಡುಕ್ಕೊಳ್ಳಿ."

"ಟೈಲರನ್ನೂ," ಎಂದಳು ಅವಳು.

ಇಬ್ಬರನ್ನೂ ಒಟ್ಟಿಗೆ ಕಳೆದುಕೊಳ್ಳುವ ಧೈರ್ಯ ಮಾಲೀಕರಿಗೆ ಬರಲಿಲ್ಲ.

ಮೊದಲ ರೇಸಿನಲ್ಲಿ ಹದಿನೆಂಟು ಕಾರುಗಳ ಪೈಕಿ ಕರಿ ಕಾರು ಒಂಬತ್ತನೆಯದಾಗಿ ಬಂತು. ಎಲ್ಲೂ ಗೋಡೆಗೆ ಬಡಿಯಲಿಲ್ಲ.

"ನೋಡಿದ್ಯಾ, ಏನೂ ಆಗಲಿಲ್ಲ," ಎಂದು ಅಣ್ಣ ಕೆಣಕಿದ.

"ಆಗದೇ ಇರ್ಲಿ. ಮುಂದಿನ ವರ್ಷಾನೂ ಒಂದೂ ಪದರ ಬಿಟ್ಕೊಡಲ್ಲ," ಎಂದು ಅವಳು ಹೆಲ್ಮೆಟ್ ತೆಗೆಯುತ್ತಿದ್ದ ಹುಡುಗಿಯ ಕಡೆ ಓಡಿದಳು.