ಸುಮತಿ ನೋಡದ ಪೋರ್ಚುಗಲ್

"ಇದು ಯಾವ ಜಾಗನೇ ಸುಮತಿ? ಸೀರಿಯಸ್ಲಿ, ಹೆಸರೇ ನೆನಪಾಗ್ತಿಲ್ಲ" ಎನ್ನುತ್ತ ಚಿತ್ರಾ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದಳು.

ಕಡಲ ದಂಡೆಯ ಗುಹೆಯೊಂದರ ಫೋಟೊ. ಮೇಲಿನ ಬಂಡೆಯಲ್ಲಿ ಬಾವಿಯ ಬಾಯಿಯಂತೆ ತೆರೆದ ತೂತು, ಅದರಿಂದ ಮರಳಿಗೆ ಬಿದ್ದ ಬಿಸಿಲು. ಆ ಬಿಸಿಲಿನ ನಡುವೆ ಎರಡೂ ಕೈ ಚಾಚಿಕೊಂಡು ಚಿತ್ರಾ ನಗುತ್ತ ನಿಂತಿದ್ದಳು.

"ಬೆನಾಗಿಲ್" ಎಂದಳು ಸುಮತಿ. ಅವಳು ಯೋಚಿಸಬೇಕಾಗಲೇ ಇಲ್ಲ.

"ಹಾಂ, ಬೆನಾಗಿಲ್! ನೋಡು, ಹೋಗಿ ಬಂದೋಳು ನಾನು, ಎಲ್ಲಾ ಗೊತ್ತಿರೋದು ನಿಂಗೆ."

ಚಿತ್ರಾ ಮೆಚ್ಚಿಕೊಂಡೇ ಅಂದಿದ್ದಳು. ಆದರೂ ಸುಮತಿಗೆ ಆ ಮಾತು ಚುಚ್ಚಿತು. ಚಹಾ ತರುವ ನೆಪದಲ್ಲಿ ಎದ್ದು ಒಳಗೆ ಹೋಗಿ, ಕುದಿಯುತ್ತಿದ್ದ ಹಾಲನ್ನು ನೋಡುತ್ತ ಸುಮ್ಮನೆ ನಿಂತಳು.

ಆ ಪ್ರವಾಸ ಅವಳದ್ದು. ಕುಂದಾಪುರದ ಕಡಲ ಬದಿಯಲ್ಲಿ ಬೆಳೆದ ಸುಮತಿ ನೈರೋಬಿಗೆ ಬಂದ ಹೊಸದರಲ್ಲಿ ಗಂಡ ಉದಯನ ಜೊತೆ ಕೀನ್ಯಾದ ಕರಾವಳಿಯ ಮಲಿಂದಿಗೆ ಹೋಗಿದ್ದಳು. ಅಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ವಾಸ್ಕೋ ಡ ಗಾಮನ ಕಂಬವನ್ನು ಕಂಡಾಗ ಅವಳಿಗೊಂದು ಹುಚ್ಚು ಹತ್ತಿತು. ಇಲ್ಲಿ ತಂಗಿದ್ದು ಆಮೇಲೆ ನಮ್ಮ ಕಡಲಿಗೂ ಬಂದ ಆ ಹಡಗುಗಳು ಹೊರಟ ದಡ ಹೇಗಿದೆಯೋ ನೋಡಬೇಕು. ವರ್ಷಗಟ್ಟಲೆ ಓದಿದಳು. ಲಿಸ್ಬನ್ನಿನಲ್ಲಿ ಎಷ್ಟು ದಿನ, ಸಿಂತ್ರಾದ ಬೆಟ್ಟದ ಅರಮನೆಗೆ ಯಾವ ರೈಲು, ಯೂರೋಪಿನ ನೆಲ ಮುಗಿಯುವ ಕಾಬೊ ದ ರೋಕಾದ ಬಂಡೆಗಳ ಮೇಲೆ ಯಾವ ಹೊತ್ತಿಗೆ ನಿಂತರೆ ಸೂರ್ಯ ಮುಳುಗುವುದು ಕಾಣುತ್ತದೆ, ಎಲ್ಲವೂ ಅವಳ ಬಾಯಲ್ಲಿತ್ತು. ತಮ್ಮ ಬಡಾವಣೆ ಸೌತ್ ಸಿಯ ರಸ್ತೆಗಳಲ್ಲಿ ಸಂಜೆ ವಾಕಿಂಗ್ ಹೋಗುವಾಗ ಗೆಳತಿ ಚಿತ್ರಾಳ ಕಿವಿಗೂ ಅದೇ. ಕೇಳಿ ಕೇಳಿ ಚಿತ್ರಾ, "ನಾವೂ ಬರ್ತೀವಿ ಕಣೇ" ಎಂದಿದ್ದಳು. ಎರಡೂ ಮನೆಯವರು ಟಿಕೆಟ್ ಮಾಡಿಸಿದರು.

ಹೊರಡಲು ಕೆಲವೇ ದಿನ ಇರುವಾಗ ಅಪ್ಪರ್ ಹಿಲ್‌ನಲ್ಲಿ ಉದಯ ನೋಡಿಕೊಳ್ಳುತ್ತಿದ್ದ ಬ್ಯಾಂಕಿನ ಹೊಸ ಸಿಸ್ಟಂ ಕೈಕೊಟ್ಟಿತು. ರಜೆ ರದ್ದಾಯಿತು. "ನೀವಾದ್ರೂ ಹೋಗ್ಬನ್ನಿ" ಎಂದು ಸುಮತಿ ನಗುತ್ತಲೇ ಅಂದಳು. 'ನೀನಿಲ್ದೆ ನಾವೆಂಥ ಹೋಗೋದು' ಎಂಬ ಒಂದು ಮಾತಿಗೆ ಕಾದಳು. ಚಿತ್ರಾ ಅವಳನ್ನು ತಬ್ಬಿಕೊಂಡು, "ಥ್ಯಾಂಕ್ಸ್ ಕಣೇ" ಅಂದಳು.

ಆಮೇಲೆ ದಿನವೂ ವಾಟ್ಸಾಪಿನಲ್ಲಿ ಫೋಟೊಗಳು. ಸುಮತಿ ಹೇಳಿದ್ದ ಅದೇ ರೈಲು, ಅದೇ ಬಂಡೆ, ಅದೇ ಸೂರ್ಯಾಸ್ತ. ಪ್ರತಿಯೊಂದಕ್ಕೂ ಸುಮತಿ 'ಸೂಪರ್' ಎಂದು ಬರೆದಳು. ಬರೆದು, ಉಪ್ಪು ಕಡಿಮೆಯಾಯಿತು ಎಂದ ಉದಯನ ಮೇಲೆ ಹರಿಹಾಯ್ದಳು.

ಈಗ ಕನ್ನಡ ಸಂಘದವರು ಭಾನುವಾರ ಚಿತ್ರಾಳಿಗೆ ಪೋರ್ಚುಗಲ್ ಬಗ್ಗೆ ಮಾತಾಡಲು ಹೇಳಿದ್ದರು.

ಸುಮತಿ ಚಹಾ ತಂದಿಟ್ಟಾಗ ತೆರೆಯ ಮೇಲೆ ನದಿಯ ಅಂಚಿನ ಬಿಳಿ ಕಲ್ಲಿನ ಗೋಪುರವಿತ್ತು.

"ಇದು ಬೆಲೆಂ ಟವರ್, ಇದೊಂದು ನೆನಪಿದೆ" ಎಂದಳು ಚಿತ್ರಾ. "ಇದ್ರ ಬಗ್ಗೆ ಏನಾದ್ರೂ ಇಂಟರೆಸ್ಟಿಂಗಾಗಿ ಹೇಳು, ಟೈಪ್ ಮಾಡ್ಕೋತೀನಿ."

"ವಾಸ್ಕೋ ಡ ಗಾಮನ ಸಮಾಧಿ ಇರೋದು ಇದರ ಒಳಗೇ."

ಬಾಯಿಂದ ಬಂದ ಮೇಲೆ ಸುಮತಿಗೇ ಬೆರಗಾಯಿತು. ಸಮಾಧಿ ಇರುವುದು ಗೋಪುರದಲ್ಲಲ್ಲ, ಅಲ್ಲಿಂದ ಸ್ವಲ್ಪ ದೂರದ ಜೆರೋನಿಮೊಸ್ ಮಠದಲ್ಲಿ. ಅದು ಅವಳಿಗೆ ತನ್ನ ಮನೆಯ ವಿಳಾಸದಷ್ಟೇ ಚೆನ್ನಾಗಿ ಗೊತ್ತಿತ್ತು. ಚಿತ್ರಾಳ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ತಲೆ ತಗ್ಗಿಸಿ ಟೈಪ್ ಮಾಡಿದಳು. ಅಲ್ಲಿಗೆ ಹೋಗಿ ನಿಂತರೂ ಇವಳ ಕಣ್ಣಿಗೆ ಏನೂ ಬಿದ್ದಿಲ್ಲ ಎಂದುಕೊಂಡಳು ಸುಮತಿ. ಎಷ್ಟೋ ದಿನಗಳ ಮೇಲೆ ಅವಳಿಗೆ ಚಹಾ ರುಚಿಯಾಗಿ ಕಂಡಿತು.

ಭಾನುವಾರ ಉದಯನಿಗೆ ಮತ್ತೆ ಆಫೀಸು. ಸುಮತಿ ಚಿತ್ರಾಳ ಗಂಡ ತ್ರಿವಿಕ್ರಮನ ಕಾರಿನಲ್ಲೇ ಪಂಗಾನಿ ಬಡಾವಣೆಯ ಸಭಾಂಗಣಕ್ಕೆ ಬಂದಳು. ನೀಲಿ ರೇಷ್ಮೆ ಸೀರೆ ಉಟ್ಟ ಚಿತ್ರಾ ಚೆನ್ನಾಗಿಯೇ ಮಾತಾಡಿದಳು. ಅರಮನೆ, ಗುಹೆ, ಎವೊರಾ ಊರಿನಲ್ಲಿ ಮನುಷ್ಯರ ಮೂಳೆಗಳನ್ನೇ ಗೋಡೆಗೆ ಜೋಡಿಸಿದ ಚಾಪೆಲ್. ಹೆಂಗಸರು ಬಾಯಿಗೆ ಕೈಯಿಟ್ಟು ನೋಡಿದರು. ಪ್ರತಿ "ಅಬ್ಬಾ!" ಕೇಳಿದಾಗಲೂ ಸುಮತಿಗೆ ತನ್ನ ಜೇಬಿನಿಂದಲೇ ಯಾರೋ ಏನೋ ತೆಗೆದಂತೆ ಆಗುತ್ತಿತ್ತು. ಅವಳು ಗೋಪುರಕ್ಕಾಗಿ ಕಾಯುತ್ತಿದ್ದಳು.

ಗೋಪುರ ಬಂತು. ಚಿತ್ರಾ ಬರೆದುಕೊಂಡಿದ್ದನ್ನು ಓದಿದಳು.

ಮುಂದಿನ ಸಾಲಿನಲ್ಲಿದ್ದ ದ್ವಾರಕಾನಾಥ್ ಕೈಯೆತ್ತಿದರು. ಬಹಳ ಕಾಲ ಇಲ್ಲಿಯ ಶಾಲೆಯೊಂದರಲ್ಲಿ ಚರಿತ್ರೆ ಕಲಿಸಿದವರು. "ಅಲ್ಲಮ್ಮಾ, ಗಾಮ ಸತ್ತಿದ್ದು ಕೊಚ್ಚಿಯಲ್ಲಿ. ಆಮೇಲೆ ಊರಿಗೆ ಕೊಂಡೊಯ್ದರು, ಸರಿ. ಆದ್ರೆ ಸಮಾಧಿ ಮಠದೊಳಗಲ್ವಾ? ಗೋಪುರದಲ್ಲಿ ನೀವೇ ನೋಡಿದ್ರಾ?"

ಸಭೆ ತಿರುಗಿ ಚಿತ್ರಾಳನ್ನು ನೋಡಿತು. ಚಿತ್ರಾ ಸುಮತಿಯನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆದರೆ ಸುಮತಿ ಕಣ್ಣು ತಪ್ಪಿಸಿದಳು.

"ಸಾರಿ ಸರ್, ನೀವು ಹೇಳಿದ್ದೇ ಸರಿ" ಎಂದು ಚಿತ್ರಾ ನಕ್ಕಳು. "ಮಠದಲ್ಲೇ ಇರೋದು. ಪಕ್ಕದಲ್ಲೇ ನಿಂತು ನೋಡಿದ್ದೆ, ಕಲ್ಲಲ್ಲಿ ಕೈಮುಗಿದು ಮಲಗಿದಾನೆ. ಮೈಕ್ ಹಿಡಿದ್ರೆ ನಂಗೆ ಎಲ್ಲಾ ಅದಲುಬದಲು." ಎಲ್ಲರೂ ನಕ್ಕರು. "ಅಂದ್ಹಾಗೆ, ಈ ಟೂರ್ ಪೂರ್ತಿ ಪ್ಲಾನ್ ಮಾಡಿದ್ದು ನಮ್ಮ ಸುಮತಿ. ಅವಳಿಗೊಂದು ಚಪ್ಪಾಳೆ."

ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ವಿಮಲಾ, "ಹೌದಾ! ಮತ್ತೆ ನೀವ್ಯಾಕೆ ಹೋಗ್ಲಿಲ್ಲ?" ಎಂದು ಕೇಳಿದರು. ಸಿಕ್ಕಿಬಿದ್ದದ್ದಕ್ಕಿಂತ ಹೆಚ್ಚಾಗಿ ಸುಮತಿಯನ್ನು ಸುಟ್ಟದ್ದು ಆ ಕಲ್ಲಿನ ಕೈಗಳು. ಗಾಮ ಕೈಮುಗಿದು ಮಲಗಿದ್ದಾನೆ ಎಂದು ಅವಳೂ ಓದಿದ್ದಳು. ಚಿತ್ರಾ ನೋಡಿದ್ದಳು.

ಕಾರ್ಯಕ್ರಮ ಮುಗಿದು ತ್ರಿವಿಕ್ರಮ ಕಾರು ತರಲು ಹೋದಾಗ ಇಬ್ಬರೇ ಗೇಟಿನ ಬಳಿ ಉಳಿದರು.

"ನೀನು ಹೇಳ್ದಾಗ್ಲೇ ಗೊತ್ತಾಯ್ತು" ಎಂದಳು ಚಿತ್ರಾ.

"ಮತ್ಯಾಕೆ ಓದ್ದೆ?"

"ಬಹುಶಃ ನಂದೇ ತಪ್ಪಿರ್ಬೇಕು ಅನ್ಕೊಂಡೆ. ನೀನು ತಪ್ಪು ಹೇಳಲ್ಲ ಅಂತ." ಚಿತ್ರಾಳ ದನಿ ಒಡೆಯಿತು, ಅದರಲ್ಲಿ ಸಿಟ್ಟೂ ಇತ್ತು. "ಹೋಗ್ಬೇಡ ಅಂತ ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲ ಸುಮತಿ."

"ಅಂದಿದ್ರೆ ನಿಲ್ತಿದ್ಯಾ?"

ರಸ್ತೆಯಲ್ಲಿ ಮಟಾಟು ಮಿನಿಬಸ್ಸೊಂದು ಹಾಡು ಅಬ್ಬರಿಸುತ್ತ ಹಾದುಹೋಯಿತು. ಅದು ದೂರವಾಗುವವರೆಗೂ ಚಿತ್ರಾ ಯೋಚಿಸಿದಳು.

"ಗೊತ್ತಿಲ್ಲ ಕಣೇ. ಹೋಗೇ ಬಿಡ್ತಿದ್ವೇನೋ."

ಕಾರು ಬಂತು. ಸುಮತಿ ಹಿಂದಿನ ಸೀಟಿಗೆ ಹತ್ತಿದಳು. ಚಿತ್ರಾ ಮುಂದಿನ ಬಾಗಿಲು ತೆರೆದಳು, ಲ್ಯಾಪ್‌ಟಾಪ್ ಚೀಲವನ್ನು ತನ್ನ ಸೀಟಿನ ಮೇಲಿಟ್ಟಳು, ಹಿಂದೆ ಬಂದು ಸುಮತಿಯ ಪಕ್ಕ ಕುಳಿತು ಕಿಟಕಿಯಾಚೆ ಮುಖ ತಿರುಗಿಸಿಕೊಂಡಳು.

"ಏನ್ರಪ್ಪಾ, ನನ್ನ ಡ್ರೈವರ್ ಮಾಡ್ಬಿಟ್ರಾ?" ಎಂದ ತ್ರಿವಿಕ್ರಮ.

ಕಾರು ಹೊರಡುತ್ತಿದ್ದಂತೆ ಟಿಣ್ ಟಿಣ್ ಎಂದು ಸದ್ದು ಶುರುವಾಯಿತು. ಚೀಲದ ಭಾರಕ್ಕೆ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಕಾರು ತಿಳಿದಿತ್ತು. "ಯಾರಾದ್ರೂ ಅದನ್ನ ತೆಗೀರಿ" ಎಂದ ತ್ರಿವಿಕ್ರಮ. ಚಿತ್ರಾ ಕದಲಲಿಲ್ಲ. ಸದ್ದು ನಿಲ್ಲಲಿಲ್ಲ.

ಸುಮತಿ ಮುಂದಕ್ಕೆ ಬಾಗಿ ಚೀಲವನ್ನು ಎಳೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಕಾರು ಮೌನವಾಯಿತು. ಬಟ್ಟೆಯ ಆಚೆಯಿಂದ ಲ್ಯಾಪ್‌ಟಾಪ್ ಇನ್ನೂ ಬೆಚ್ಚಗಿತ್ತು.