ಗಂಗಾಂಬಿಕಾಳ ತಣ್ಣನೆಯ ಬೆರಳು

ಗಂಗಾಂಬಿಕಾ ಆ ವರ್ಷ ಬಿಟ್ಟ ಕೆಲಸಗಳು ಮೂರು, ಕಾಲುವೆಗೆ ಎಸೆದ ಮೊಬೈಲು ಎರಡು. ಮರಿಯಮ್ಮನಹಳ್ಳಿ ಹತ್ತಿರ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ನಾಲ್ಕನೆಯ ಕೆಲಸ ಸಿಕ್ಕಾಗ ಅತ್ತಿಗೆ ಶೈಲಜಾ ಖುಷಿಪಡುವ ಬದಲು ಅವಳನ್ನು ಹೊಸಪೇಟೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನಾಲ್ಕಾರು ಭೇಟಿಗಳಲ್ಲಿ ಎಲ್ಲ ಕೇಳಿ, ಇದು ಹಟವೂ ಅಲ್ಲ, ಸೊಕ್ಕೂ ಅಲ್ಲ, ವ್ಯಕ್ತಿತ್ವದ ಒಂದು ತೊಂದರೆ ಎಂದರು. ಮನಸ್ಸಿಗೆ ಬಂದದ್ದು ಯೋಚನೆಗೆ ಸಿಗುವ ಮೊದಲೇ ಕೈಗೆ ಇಳಿದುಬಿಡುತ್ತದೆ. ಮಾತಿನ ಚಿಕಿತ್ಸೆಯ ಜೊತೆಗೆ ಒಂದು ಯಂತ್ರವನ್ನೂ ನೋಡೋಣ ಎಂದು ಸ್ನೇಹಾ ಎಂಬ ಆಪ್ತಸಮಾಲೋಚಕಿಯ ಕೋಣೆಗೆ ಕಳಿಸಿದರು.

ಸ್ನೇಹಾ ಅವಳ ತೋರುಬೆರಳಿಗೆ ಶಾಖ ಅಳೆಯುವ, ವೈರು ಸಿಕ್ಕಿಸಿದ ಪುಟ್ಟ ಗುಂಡಿಯೊಂದನ್ನು ಅಂಟಿಸಿದಳು. ಕಂಪ್ಯೂಟರ್ ಪರದೆಯ ಮೇಲೆ ಗೆರೆಯೊಂದು ಹರಿಯತೊಡಗಿತು.

"ಮೈ ಸಡಿಲ ಬಿಟ್ರ ಬೆರಳು ಬೆಚ್ಚಗಾಗತೈತ್ರಿ, ಗೆರಿ ಮ್ಯಾಲ ಹೋಗತೈತಿ. ಸಿಟ್ಟು, ಗಾಬರಿ ಬಂದ್ರ ತಣ್ಣಗಾಗಿ ಕೆಳಗ ಇಳೀತೈತಿ."

ಗಂಗಾಂಬಿಕಾ ಗೆರೆ ಏರಿಸಲು ಹಲ್ಲು ಕಚ್ಚಿದಳು. ಇಳಿಯಿತು. ಇನ್ನಷ್ಟು ಕಚ್ಚಿದಳು, ಇನ್ನಷ್ಟು ಇಳಿಯಿತು. "ನಿಮ್ಮ ಮಷೀನು ಕೆಟ್ಟೈತಿ!" ಎಂದು ವೈರು ಕಿತ್ತು ಹೊರಟೇಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ನೋಡಿಕೊಂಡರೆ ಗುಂಡಿ ಇನ್ನೂ ಬೆರಳಲ್ಲೇ ಇತ್ತು. ಕದ್ದ ಹಾಗಾಯಿತಲ್ಲ ಎಂದು ನಾಚಿಕೊಂಡು ವಾಪಸು ಬಂದಳು.

ಸ್ನೇಹಾ ಬೈಯಲಿಲ್ಲ, ಪರದೆಯ ಮೇಲೆ ಉಳಿದಿದ್ದ ಗೆರೆ ತೋರಿಸಿದಳು. "ಇಲ್ಲಿ ನೋಡ್ರಿ. ನೀವು ಎದ್ದು ಹೋಗಿದ್ದು ಇಲ್ಲಿ. ಗೆರಿ ಇಳಿಯಾಕ ಶುರುವಾಗಿದ್ದು ನಾಲ್ಕು ನಿಮಿಷ ಮೊದಲ."

"ನಾಲ್ಕು ನಿಮಿಷ ಮೊದಲ ಸಿಟ್ಟು ಬಂದಿತ್ತಾ? ನನಗ ಗೊತ್ತಿಲ್ದಂಗ?"

ತನ್ನ ಸಿಟ್ಟು ಸಿಡಿಲಿನ ಹಾಗೆ ಎಂದೇ ಅವಳು ನಂಬಿದ್ದಳು. ಅದು ಹೇಳಿ ಕಳಿಸಿಯೇ ಬರುತ್ತದೆಂದು ತಿಳಿದು ಮೋಜೆನಿಸಿತು. ಪ್ರತಿ ಸೋಮವಾರ ತಪ್ಪದೆ ಬಂದಳು. ಭುಜ ಇಳಿಸಿ, ಉಸಿರನ್ನು ಉದ್ದಕ್ಕೆ ಬಿಡುವುದನ್ನು ಕಲಿತಳು. ಗೆಲ್ಲಬೇಕೆಂಬ ಹಟ ಬಿಟ್ಟ ದಿನ ಗೆರೆ ತಾನಾಗಿ ಏರಿತು. ಎರಡು ತಿಂಗಳಲ್ಲಿ ಯಂತ್ರವಿಲ್ಲದೆಯೂ ಬೆರಳಿನ ಚಳಿ ಗೊತ್ತಾಗತೊಡಗಿತು.

ಒಂದು ಮಧ್ಯಾಹ್ನ ಸಂಡೂರಿನಿಂದ ಬಂದ ಡ್ರೈವರ್ ಹುಸೇನಪ್ಪ ತೂಕದ ಚೀಟಿ ನೋಡಿ ಕಿಟಕಿ ಗುದ್ದಿದ. "ಗಣಿಯಾಗ ತೂಗಿದ್ದಕ್ಕಿಂತ ಐದು ಟನ್ ಕಡಿಮಿ ಐತಂತ! ನಾ ಏನು ಅದಿರು ತಿಂದೀನೇನು? ಕಣ್ಣು ಕಾಣ್ತಾವೋ ಇಲ್ಲೋ ನಿನಗ?"

ಅವಳ ಬೆರಳು ಐಸ್‌ಕ್ಯಾಂಡಿಯಾಯಿತು. ಕೀಗೊಂಚಲನ್ನು ಅವನ ಮುಖಕ್ಕೆಸೆದು ಮನೆಗೆ ಹೋಗುವುದೊಂದೇ ಬಾಕಿ. ಹಾಗೆ ಮಾಡದೆ ಭುಜ ಇಳಿಸಿ, ಕಣ್ಣು ಅರೆಮುಚ್ಚಿ, ಉಸಿರು ಬಿಡುತ್ತಾ ಕೂತಳು. ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ಹುಸೇನಪ್ಪನಿಗೇ ಗಾಬರಿಯಾಯಿತು.

"ಯಾಕವ್ವ, ಮೈಯಾಗ ಆರಾಮಿಲ್ಲೇನು?"

"ಆರಾಮ ಆಗಾಕತ್ತೀನಿ. ಒಂದೀಟು ತಡೀರಿ."

ಬೆರಳು ಬೆಚ್ಚಗಾದ ಮೇಲೆ ಎದ್ದು ಹೊರಗೆ ಬಂದು ನೋಡಿದಳು. ಲಾರಿಯ ಮುಂದಿನ ಗಾಲಿಗಳು ತೂಕದ ಹಲಗೆ ದಾಟಿ ನೆಲದ ಮೇಲಿದ್ದವು.

"ನಾನೂ ನೋಡಲಿಲ್ಲ, ನೀವೂ ನೋಡಲಿಲ್ಲ. ಹಿಂದಕ್ಕ ತಗೋರಿ."

ಎರಡನೆಯ ಸಲ ತೂಕ ಸರಿಹೋಯಿತು. ಸಂಜೆ ವಿಷಯ ಕೇಳಿ ಶೈಲಜಾ, "ಹಂಗಾರ ನಾಳೆನೂ ಕೆಲಸಕ್ಕ ಊಟದ ಡಬ್ಬಿ ಕಟ್ಟಬೇಕಾ?" ಎಂದು ನಕ್ಕಳು.

ಮುಂದೆ ಎಲ್ಲ ಸಲೀಸಾಯಿತು ಎಂದಲ್ಲ. ದೀಪಾವಳಿಯಲ್ಲಿ ಸೀರೆಯ ವಿಷಯಕ್ಕೆ ಅತ್ತಿಗೆಯ ಮೇಲೆ ಹರಿಹಾಯ್ದು ಗಾಜಿನ ಬಟ್ಟಲು ಒಡೆದಳು; ಚೂರುಗಳನ್ನು ತಾನೇ ಗುಡಿಸಿ, ಅವತ್ತೇ ತಪ್ಪಾಯಿತೆಂದಳು. ವೇಬ್ರಿಡ್ಜಿನಲ್ಲಿ ಮಾತ್ರ ವರ್ಷ ತುಂಬಿಸಿದಳು. ಆ ಭಾನುವಾರ ಅತ್ತಿಗೆ ನಾದಿನಿ ಇಬ್ಬರೂ ಹಂಪಿಗೆ ಹೋಗಿ, ಹೊಳೆ ದಂಡೆಯಲ್ಲಿ ಕೂತು, ಮಂಡಕ್ಕಿ ಮಿರ್ಚಿ ತಿಂದು ಬಂದರು.