ಗೋಡೆಯ ಮೇಲಿನ ಬ್ಯಾಟರಿ

"ಇದನ್ನ ಈಗ ಆರಿಸೋದು ಯಾರು?"

ಹಿತ್ತಿಲ ಶೆಡ್ಡಿನ ಬಾಗಿಲಲ್ಲಿ ನಿಂತು ಅತ್ತಿಗೆ ಕೇಳಿದರು. ಯಾರನ್ನೂ ಉದ್ದೇಶಿಸಿ ಅಲ್ಲ. ಒಳಗೆ ಮರದ ಹಲಗೆಯ ಮೇಲೆ ಹಳೆಯ ಮೋಟರ್ ಸೈಕಲ್ಲಿನ ಬ್ಯಾಟರಿಯೊಂದು ಚಾರ್ಜಿಗೆ ಕೂತಿತ್ತು. ಅದರ ಆರು ಬಿರಡೆಗಳನ್ನು ಬಿಚ್ಚಿ ತಟ್ಟೆಯೊಂದರಲ್ಲಿ ಸಾಲಾಗಿ ಇಟ್ಟಿತ್ತು. ಚಾರ್ಜರ್ ಗುಂಯ್‌ಗುಡುತ್ತಿತ್ತು, ಬ್ಯಾಟರಿಯ ಹೊಟ್ಟೆಯೊಳಗಿಂದ ಸಣ್ಣಗೆ ಕುದಿಯುವ ಸದ್ದು. ನಿನ್ನೆ ಮಧ್ಯಾಹ್ನ ಅದನ್ನು ಅಲ್ಲಿಟ್ಟು, ಕೈ ತೊಳೆದು, ಸ್ವಲ್ಪ ಅಡ್ಡಾಗುತ್ತೇನೆ ಎಂದು ಒಳಗೆ ಹೋದ ಅವರ ಗಂಡ ಏಳಲಿಲ್ಲ. ಈಗ ಮುಂದಿನ ಕೋಣೆಯಲ್ಲಿ, ಬಿಳಿಯ ಬಟ್ಟೆಯಡಿ, ಬಂದವರಿಗೆಲ್ಲ ದಾರಿ ಬಿಟ್ಟುಕೊಟ್ಟವರಂತೆ ಗೋಡೆಯ ಪಕ್ಕಕ್ಕೆ ಸರಿದು ಮಲಗಿದ್ದರು.

ಆಕೆಯನ್ನು ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ಮೈದುನ ದಿನಕ್ಕೆ ಹತ್ತು ಸಲ ಕೂಗುತ್ತಿದ್ದ ಕೂಗೇ ಅವರಿಗೆ ಹೆಸರಾಗಿತ್ತು. ಕೂಗುವವನು ಕೂಗುವುದನ್ನು ಬಿಟ್ಟ ಮೇಲೂ ಹೆಸರು ಉಳಿದಿತ್ತು.

"ನಾನು ಸ್ವಿಚ್ ಆರಿಸ್ತೀನಿ ಬಿಡಮ್ಮ," ಎಂದಳು ಹಿಂದೆಯೇ ಬಂದ ಮಗಳು. "ಸ್ವಿಚ್ ಆರಿಸದೆ ಕ್ಲಿಪ್ ಕೀಳಬಾರದು, ಕಿಡಿ ಹಾರಿದ್ರೆ ಆ ಗ್ಯಾಸಿಗೆ ಭಗ್ ಅನ್ನುತ್ತೆ ಅಂತ ಅಪ್ಪ ಹೆದರಿಸ್ತಿದ್ರಲ್ಲ. ಅಷ್ಟು ನಂಗೂ ಗೊತ್ತು."

ಅತ್ತಿಗೆ ಅವಳ ಕೈ ಹಿಡಿದರು. "ಬೇಡ. ಅದು ಯಾರದ್ದೋ ಅವರೇ ಆರಿಸಲಿ."

ನಡುಮನೆಯಿಂದ ಗಂಡನ ಸೋದರತ್ತೆಯ ದನಿ ಬಂತು, ಕಿವಿ ಮಂದವಾದವಳು. "ಒಲೆ ಮೇಲೆ ಏನಿಟ್ಟಿದ್ದೀರೇ? ಕುದಿಯೋ ವಾಸನೆ ಬರ್ತಿದೆ. ತಳ ಹಿಡಿದೀತು!"

"ಒಲೆ ಅಲ್ಲ ಅಜ್ಜಿ, ಬ್ಯಾಟರಿ!"

"ಆ ಚಿಕ್ಕೋನ ಗಾಡೀದಾ? ಸಾಯೋ ದಿನವೂ ಬಿಡಲಿಲ್ಲವಾ ಇವನು ಅದನ್ನ!"

ಮಗಳು ಮೆಲ್ಲಗೆ ಕೇಳಿದಳು. "ಚಿಕ್ಕಪ್ಪನ್ನ ಕರೀಲಾ?"

ಚಿಕ್ಕಪ್ಪ ಪಕ್ಕದ ಮನೆಯ ಗೇಟಿಗೆ ಒರಗಿ ನಿನ್ನೆ ಸಂಜೆಯಿಂದ ನಿಂತೇ ಇದ್ದ. ಬಂದವರಿಗೆ ಗಾಡಿ ಎಲ್ಲಿ ನಿಲ್ಲಿಸಬೇಕೆಂದು ತೋರಿಸುತ್ತಿದ್ದ. ತನ್ನ ಮನೆಯ ಕುರ್ಚಿಗಳನ್ನೆಲ್ಲ ಹೊತ್ತು ತಂದು ಅಣ್ಣನ ಮನೆಯ ಮೆಟ್ಟಿಲ ತನಕ ಇಟ್ಟು ಹಿಂದಿರುಗುತ್ತಿದ್ದ. ಹೊಸಿಲು ಮಾತ್ರ ದಾಟಿರಲಿಲ್ಲ.

"ಸಾವಿಗೆ ಯಾರನ್ನೂ ಕರೆಯೋದಿಲ್ಲಮ್ಮ. ಅವರೇ ಬರಬೇಕು," ಎಂದರು ಅತ್ತಿಗೆ. ಒಂದು ಗಳಿಗೆ ಬ್ಯಾಟರಿಯನ್ನು ನೋಡಿದರು. "ಆದ್ರೆ ಬ್ಯಾಟರಿಗೆ ಕರೀಬಹುದು. ಹೋಗು. ಚಾರ್ಜಾಗಿದೆ, ಬಂದು ಬಿಚ್ಚಿಕೊಳ್ಳಬೇಕಂತೆ ಅಂತ ಹೇಳು."

*

ಅಣ್ಣತಮ್ಮಂದಿರಿಗೆ ಅವರ ಅಪ್ಪ ಬಿಟ್ಟುಹೋದದ್ದು ಅಂಟಿಕೊಂಡ ಎರಡು ಪುಟ್ಟ ಮನೆ, ಒಂದು ಮೋಟರ್ ಸೈಕಲ್ಲು, ಬ್ಯಾಟರಿ ಚಾರ್ಜ್ ಮಾಡುವ ಒಂದು ಶೆಡ್ಡು. ಅಣ್ಣ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು. ನಡೆದೇ ಹೋಗುವ ದೂರ. ತಮ್ಮ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಊರೂರು ಸುತ್ತುವವನು. ಗಾಡಿ ತಮ್ಮನಿಗೆ, ಶೆಡ್ಡು ಅಣ್ಣನಿಗೆ ಎಂದಾಯಿತು. ಅಷ್ಟಕ್ಕೇ ಮುಗಿಯಬೇಕಿತ್ತು.

"ಚಾರ್ಜರನ್ನೂ ಕೊಡು," ಎಂದ ತಮ್ಮ. "ಕುದುರೆ ಕೊಟ್ಟು ಹುಲ್ಲು ಇಟ್ಕೊಳ್ಳೋದು ಯಾವ ನ್ಯಾಯ?"

"ನಿನಗೆ ಓಡಿಸೋಕೆ ಬರುತ್ತೆ, ನೋಡ್ಕೊಳ್ಳೋಕೆ ಬರಲ್ಲ," ಎಂದರು ಅಣ್ಣ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. "ಅಪ್ಪನ್ನೂ ಹಾಗೇ ನೋಡ್ಕೊಂಡೆಯಲ್ಲ."

ತಮ್ಮ ಚಪ್ಪಲಿ ಮೆಟ್ಟಿಕೊಂಡ. "ಇನ್ನು ನಿನ್ನ ಹೊಸಿಲು ತುಳಿದ್ರೆ ಕೇಳು."

"ತುಳೀಬೇಡ. ಮಾತೂ ಆಡಬೇಡ."

ಮಾರನೆಯ ಬೆಳಿಗ್ಗೆ ಮರೆತುಬಿಡಬಹುದಾದ ಮಾತು. ಆದರೆ ಇಬ್ಬರೂ ಒಂದೇ ತಂದೆಯ ಮಕ್ಕಳು, ಆಡಿದ ಮಾತಿಗೆ ತಪ್ಪದವರು. ದೇವರು ಕೊಟ್ಟ ಗುಣವೇ ಕೆಲವೊಮ್ಮೆ ಬಾಗಿಲಿಗೆ ಅಗುಳಿಯಾಗುತ್ತದೆ. ಒಂದೇ ಬೀದಿ, ಒಂದೇ ನಲ್ಲಿಯ ನೀರು, ಒಂದೇ ಕೆಮ್ಮು, ಮಾತಿಲ್ಲ. ವರ್ಷಗಳು ಹೋದವು.

ಆಮೇಲೊಂದು ಬೆಳಿಗ್ಗೆ ಎರಡು ಹಿತ್ತಿಲುಗಳ ನಡುವಿನ ಗೋಡೆಯ ಮೇಲೆ ಆ ಗಾಡಿಯ ಬ್ಯಾಟರಿ ಬಂದು ಕೂತಿತ್ತು. ಟರ್ಮಿನಲ್ಲಿನ ಮೇಲೆ ಹಸಿರು ಬಿಳುಪಿನ ಬೂಷ್ಟು, ಒಳಗೆ ನೀರು ಕೆಳಗಿನ ಗೆರೆಗಿಂತ ಇಳಿದಿತ್ತು. ಅಣ್ಣ ಅದನ್ನು ಬಹಳ ಹೊತ್ತು ದಿಟ್ಟಿಸಿದರು. ಕೊನೆಗೆ ಎತ್ತಿಕೊಂಡು ಒಳಗೆ ಹೋದರು. ಬಿಸಿನೀರು ಹನಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬೂಷ್ಟು ಉಜ್ಜಿದರು, ಒರೆಸಿದರು, ಬ್ಯಾಟರಿ ನೀರು ಹಾಕಿದರು, ಕಡಿಮೆ ಕರೆಂಟಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿ ಟರ್ಮಿನಲ್ಲಿಗೆ ವ್ಯಾಸಲೀನು ಸವರಿ ಮರುದಿನ ಗೋಡೆಯ ಮೇಲಿಟ್ಟರು. ಮುಂದಿನ ವಾರ ಅದು ಮತ್ತೆ ಬಂತು. ಅದರ ಮುಂದಿನ ವಾರವೂ.

ಒಮ್ಮೆ ತಮ್ಮ ಅದನ್ನು ಅಡ್ಡ ಮಲಗಿಸಿ ಹೋಗಿದ್ದ. ಆಸಿಡ್ ಸೋರಿ ಗೋಡೆಯ ಸುಣ್ಣ ನೊರೆಯೆದ್ದಿತ್ತು. ಅಣ್ಣ ಬ್ಯಾಟರಿಯ ಮೈಮೇಲೆ ಸೀಮೆಸುಣ್ಣದಲ್ಲಿ 'ನಿಲ್ಲಿಸಿ ಇಡಬೇಕು' ಎಂದು ಬರೆದು ಕಳಿಸಿದರು. ಮುಂದಿನ ವಾರ ಅದರ ಕೆಳಗೆ 'ಸರಿ' ಎಂದಿತ್ತು. ಬರೆದದ್ದು ಮಾತಲ್ಲ ಎಂದು ಇಬ್ಬರೂ ಒಪ್ಪಿಕೊಂಡಂತಿತ್ತು.

*

"ಅತ್ತಿಗೆನೇ ಕರೆದ್ರಾ?" ಎಂದು ತಮ್ಮ ಎರಡು ಸಲ ಕೇಳಿದ.

"ಅಮ್ಮನೇ. ಚಾರ್ಜಾಗಿದೆ, ಬಿಚ್ಚಿಕೊಳ್ಳಬೇಕಂತೆ."

"ಸರಿ, ಹಿತ್ತಿಲ ಗೋಡೆ ಹಾರಿ ಬರ್ತೀನಿ."

"ಈ ವಯಸ್ಸಲ್ಲಿ ಗೋಡೆ ಹಾರಿದ್ರೆ ಇವತ್ತು ಎರಡು ಹೆಣ ಎತ್ತಬೇಕಾಗುತ್ತೆ, ಚಿಕ್ಕಪ್ಪ. ಬಾಗಿಲಿಂದ ಬನ್ನಿ."

ಅವನು ಬಂದ. ಹೊಸಿಲ ಬಳಿ ಒಂದು ಕ್ಷಣ ಕಾಲು ತಡೆಯಿತು. ಹಿಂದಿನವರು ನೂಕಿದರೋ, ಅವನೇ ದಾಟಿದನೋ, ಒಳಗಿದ್ದ. ಹಿತ್ತಿಲಿಗೆ ಹೋಗಬೇಕಾದರೆ ಮುಂದಿನ ಕೋಣೆಯನ್ನೇ ದಾಟಬೇಕು. ಅಣ್ಣನ ಮುಖವನ್ನು ನೋಡದೆ, ಬಟ್ಟೆಯ ಅಂಚನ್ನು ಮಾತ್ರ ನೋಡುತ್ತ, ಗೋಡೆ ಸವರಿಕೊಂಡು ನಡೆದ.

ಶೆಡ್ಡಿನಲ್ಲಿ ಬ್ಯಾಟರಿಯ ಪಕ್ಕೆಗೆ ಅಂಗೈ ಇಟ್ಟ. ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಸ್ವಿಚ್ ಆರಿಸಿದ. ಗುಂಯ್ ಎನ್ನುವುದು ನಿಂತಿತು. ನಿಂತ ಮೇಲೇ ಎಲ್ಲರಿಗೂ ಗೊತ್ತಾದದ್ದು, ಇಷ್ಟು ಹೊತ್ತೂ ಮನೆಯಲ್ಲಿ ಆ ಸದ್ದೊಂದು ಇತ್ತೆಂದು.

ಅವನು ಕ್ಲಿಪ್ಪುಗಳನ್ನು ಬಿಚ್ಚುತ್ತಿರುವಾಗ ಮೂಲೆ ಗ್ಯಾರೇಜಿನವನು ಬಾಗಿಲಲ್ಲಿ ಇಣುಕಿದ. ಅವನನ್ನು ಎಲ್ಲರೂ ಸ್ಪ್ಯಾನರ್ ಎನ್ನುತ್ತಿದ್ದರು. ಕೈಗಿಂತ ಬಾಯಿ ಸಡಿಲ.

"ಬೆಂದುಹೋಗಿದೆಯಲ್ಲೋ ಪಾಪ!" ಎಂದ. "ಅತ್ತಿಗೆ, ಇವನಿಗೆ ಹೇಳಿ ಹೇಳಿ ನನ್ನ ನಾಲಗೆ ಸವೀತು. ದಿನಾ ಓಡೋ ಗಾಡಿ. ಓಡ್ತಾ ಓಡ್ತಾ ತಾನೇ ಬ್ಯಾಟರಿ ತುಂಬಿಕೊಳ್ಳುತ್ತೆ. ವಾರ ವಾರ ಚಾರ್ಜಿಗೆ ಹಾಕೋದು ಎಲ್ಲಾದ್ರೂ ಉಂಟಾ? ಇಂಜಿನ್ನಿಂದ ಬ್ಯಾಟರಿಗೆ ಬರೋ ವೈರು ಬಿಟ್ಕೊಂಡಿದೆ. ಒಂದೇ ಒಂದು ವೈರು! ಚಾ ಆರೋದರೊಳಗೆ ಸೇರಿಸಿಕೊಡ್ತೀನಿ ಅಂತ ಕೈ ಹಾಕಿದ್ರೆ, ಕೈ ಮೇಲೆ ಫಟ್ ಅಂತ ಕೊಟ್ಟ. ತುದಿಗೆ ಟೇಪು ಸುತ್ತಿ ಇಟ್ಕೊಂಡಿದ್ದಾನೆ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ."

"ಸ್ಪ್ಯಾನರ್, ಬಾಯಿ ಮುಚ್ಚು," ಎಂದ ತಮ್ಮ.

"ನಾನ್ಯಾಕೆ ಮುಚ್ಚಲಿ? ಬೇಕೂ ಅಂತ ಕೆಡಿಸಿಟ್ಟುಕೊಂಡು ಪಾಪ ಆ ಮುದುಕರ ಕೈಲಿ..." ಎಂದವನು ತಮ್ಮನ ಮುಖ ನೋಡಿದ. ಅತ್ತಿಗೆಯ ಮುಖ ನೋಡಿದ. ತಟ್ಟೆಯಿಂದ ಒಂದು ಬಿರಡೆ ಎತ್ತಿ, ಸುಮ್ಮನೆ ತಿರುಗಿಸಿ ನೋಡಿ, ಎತ್ತಿದಲ್ಲೇ ಇಟ್ಟು, "ವ್ಯಾನ್ ಬಂತಾ ನೋಡ್ತೀನಿ" ಎಂದು ಹೊರಟುಹೋದ.

ತಮ್ಮ ತಲೆ ತಗ್ಗಿಸಿದ. "ಮೊದಲನೇ ಸಲ ನಿಜವಾಗ್ಲೂ ಬಿಟ್ಕೊಂಡಿತ್ತು ಅತ್ತಿಗೆ. ದೇವರಾಣೆ. ದೀಪ ಹತ್ತಲಿಲ್ಲ, ಹಾರನ್ ಇಲ್ಲ. ಏನು ತೋಚದೆ ಗೋಡೆ ಮೇಲಿಟ್ಟೆ. ಅಣ್ಣ ಅದನ್ನ ಎತ್ಕೊಂಡ. ಆಮೇಲೆ..." ಕೈಯಲ್ಲಿದ್ದ ಕ್ಲಿಪ್ಪನ್ನು ಹಲಗೆಯ ಮೇಲಿಟ್ಟ. "ಅಣ್ಣನಿಗೆ ಗೊತ್ತಿತ್ತಾ? ಇಲ್ಲಾ, ಇವನು ಇನ್ನೂ ನೋಡ್ಕೊಳ್ಳೋಕೆ ಬಾರದೋನು, ನನ್ನ ಬಿಟ್ಟಿ ಆಳು ಮಾಡ್ಕೊಂಡಿದ್ದಾನೆ ಅಂದ್ಕೊಂಡೇ ಹೋದನಾ? ಅದೊಂದು ಹೇಳಿಬಿಡಿ ಅತ್ತಿಗೆ."

ಅತ್ತಿಗೆ ಬಾಯಿ ತೆರೆದರು. ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. ಹೆಣ ಒಯ್ಯುವ ವ್ಯಾನ್ ಬಂದಿತ್ತು. ಅವರು ಹೋಗಲೇಬೇಕಿತ್ತು, ಹೋದರು.

*

ಮಗಳು ಚಿಕ್ಕವಳಿದ್ದಾಗ ಶೆಡ್ಡಿನ ಬಾಗಿಲಲ್ಲಿ ಕೂತು ಅಪ್ಪನನ್ನು ನೋಡುತ್ತಿದ್ದಳು. ಬಾಗಿ ಕೆಲಸ ಮಾಡುವಾಗ ಅವರ ಬಾಯಲ್ಲಿ ಯಾವುದೋ ಹಳೆಯ ಪದ್ಯದ ಸಾಲಿರುತ್ತಿತ್ತು. ಚಾರ್ಜರಿನ ಗುಂಯ್ ಅದಕ್ಕೆ ಶ್ರುತಿ. ಸಾಲು ಮುಗಿಯುವ ತನಕ ಯಾವ ಪ್ರಶ್ನೆಗೂ ಉತ್ತರವಿಲ್ಲ.

"ಶಕ್ತಿ ಇಳಿದಿದೆ ಅಂದ್ರೆ ಆಸಿಡ್ಡೇ ಹಾಕಬಹುದಲ್ವಾ ಅಪ್ಪ? ನೀರು ಯಾಕೆ?"

"ಖಾರ ಎಲ್ಲೂ ಹೋಗಿರಲ್ಲ ಮಗಳೇ, ಒಳಗೇ ಇರುತ್ತೆ. ಆರಿಹೋಗೋದು ನೀರು. ಏನು ಆರಿದೆಯೋ ಅದನ್ನ ಹಾಕಬೇಕು."

"ಜಾಸ್ತಿ ಕರೆಂಟ್ ಕೊಟ್ರೆ ಬೇಗ ಆಗಲ್ವಾ?"

"ಆಗುತ್ತೆ. ಬೇಗ ಹಾಳೂ ಆಗುತ್ತೆ. ನಂಗೇನು ಅವಸರ?"

ಬ್ಯಾಟರಿ ಬರಬೇಕಾದ ದಿನ ಬಾರದಿದ್ದರೆ ಅವರು ಹಿತ್ತಿಲಲ್ಲಿ ಶತಪಥ ಹಾಕುತ್ತಿದ್ದರು. ಗಿಡಕ್ಕೆ ಹಾಕಿದ ನೀರನ್ನೇ ಮತ್ತೆ ಹಾಕುತ್ತಿದ್ದರು. "ಯಾವುದೋ ಊರಲ್ಲಿ ಉಳಿದಿರಬೇಕು" ಎಂದು ಗಿಡಕ್ಕೇ ಹೇಳಿದಂತೆ ಹೇಳಿ ಒಳಗೆ ಬಂದು, ಕೂತು, ಮತ್ತೆ ಎದ್ದು ಹೋಗುತ್ತಿದ್ದರು.

*

ಎತ್ತುವಾಗ ಯಾರು ಎಲ್ಲಿ ಹಿಡಿಯಬೇಕೆಂದು ಗಲಿಬಿಲಿಯಾಯಿತು. ತಮ್ಮ ಹಿಂದೆಯೇ ನಿಂತಿದ್ದ. ಸೋದರತ್ತೆ ಊರಿಗೆಲ್ಲ ಕೇಳುವಂತೆ ಗದರಿದಳು. "ಅಲ್ಲಿ ಏನೋ ಮರದ ಹಾಗೆ ನಿಂತಿದ್ದೀಯ? ಕಾಲ ಕಡೆ ಹಿಡಿಯೋ. ಚಿಕ್ಕೋನಲ್ವಾ ನೀನು!"

ಅವನು ಕಾಲ ಕಡೆ ಹಿಡಿದ. ದಾರಿಯುದ್ದಕ್ಕೂ ವ್ಯಾನಿನಲ್ಲಿ ಆ ಕಾಲುಗಳ ಪಕ್ಕವೇ ಕೂತ. ಪಂಪ್‌ಹೌಸಿನ ಮುಂದೆ ಹಾದುಹೋಗುವಾಗ ಒಳಗಿನವರು ಹೊರಗೆ ಬಂದು ಸಾಲಾಗಿ ನಿಂತಿದ್ದರು. ಪಂಪು ಮಾತ್ರ ಓಡುತ್ತಲೇ ಇತ್ತು, ನೀರಿನ ಹೊತ್ತು. ಮಣ್ಣಿನಲ್ಲಿ ಇಳಿಸಿ ಮೊದಲ ಹಿಡಿ ಮಣ್ಣು ಹಾಕುವಾಗ ಅವನ ತುಟಿ ಅಲುಗಿತು. ಪಕ್ಕದಲ್ಲಿದ್ದ ಸ್ಪ್ಯಾನರಿಗೂ ಕೇಳಿಸಲಿಲ್ಲ.

ಹಿಂದಿರುಗಿ ಬಂದಾಗ ಬಿಸಿಲು ಹಿತ್ತಿಲಿಗೆ ವಾಲಿತ್ತು. ನೆಂಟರು ಒಬ್ಬೊಬ್ಬರಾಗಿ ಚದುರಿದರು. ಅತ್ತಿಗೆ ಮುಖ ತೊಳೆದು ಶೆಡ್ಡಿನ ಕಡೆ ಬಂದಾಗ ತಮ್ಮ ಅಲ್ಲಿದ್ದ. ತಣ್ಣಗಾದ ಬ್ಯಾಟರಿಯನ್ನು ಬೆಳಕಿಗೆ ತಿರುಗಿಸಿಟ್ಟುಕೊಂಡು, ಶೀಷೆಯಿಂದ ಒಂದೊಂದೇ ತೂತಿಗೆ ನೀರು ಹನಿಸುತ್ತಿದ್ದ. ಬ್ಯಾಟರಿಯ ಮಾಸಲು ಡಬ್ಬದೊಳಗೆ ನೀರು ಮೇಲಿನ ಗೆರೆಯ ಕಡೆಗೆ ಏರುವುದು ನೆರಳಂತೆ ಕಾಣುತ್ತಿತ್ತು.

ಅತ್ತಿಗೆ ಸ್ಟೂಲಿನ ಮೇಲೆ ಕೂತರು. ಗಂಡ ಕೂರುತ್ತಿದ್ದ ಸ್ಟೂಲು.

"ಕೇಳಿದೆಯಲ್ಲ, ಹೇಳ್ತೀನಿ. ಮೊದಲನೇ ವಾರ ಅವರು ಏನೂ ಅನ್ನಲಿಲ್ಲ. ಎರಡನೇ ವಾರ ಬ್ಯಾಟರಿ ಮತ್ತೆ ಬಂತಲ್ಲ, ಇಲ್ಲೇ ನಿಂತು ನಕ್ಕುಬಿಟ್ರು. ಕಳ್ಳ, ಬೇಕಂತಲೇ ವೈರ್ ಸೇರಿಸದೆ ಇಟ್ಟಿದ್ದಾನೆ ಕಣೇ ಅಂದ್ರು. ಮತ್ತೆ ಹೇಳಿಬಿಡಿ ಅವನಿಗೆ, ಸೀಮೆಸುಣ್ಣದಲ್ಲಾದ್ರೂ ಬರೀರಿ ಅಂದೆ." ಅತ್ತಿಗೆ ಉಸಿರು ತೆಗೆದುಕೊಂಡರು. "ಹೇಳಿದ್ರೆ ಸೇರಿಸಿಕೊಂಡುಬಿಡ್ತಾನೆ ಅಂದ್ರು."

ಶೀಷೆಯ ನೀರು ಬ್ಯಾಟರಿಯ ಮೇಲೆಲ್ಲ ಚೆಲ್ಲಿತು. ತಮ್ಮ ಅದನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಬಹಳ ಹೊತ್ತು ಒರೆಸಿದ. ಅತ್ತಿಗೆ ಬೇರೆ ಕಡೆ ನೋಡುತ್ತ ಕೂತಿದ್ದರು.

"ಈಗ ಎತ್ಕೊಳ್ಳೋರೇ ಇಲ್ಲ," ಎಂದರು ಕೊನೆಗೆ. "ನಂಗೆ ಈ ಕ್ಲಿಪ್ಪು, ಕರೆಂಟು ಎಲ್ಲ ಕೈಗೆ ಹತ್ತೋದಿಲ್ಲ. ನೀನೋ ದೂರದೂರ ಸುತ್ತೋನು. ಎಲ್ಲೋ ಕತ್ತಲ ದಾರೀಲಿ ದೀಪ ಕೈಕೊಟ್ರೆ ಏನು ಗತಿ? ಅದು ನನ್ನ ತಲೆಗೆ ಬರೋದು ಬೇಡ. ಸ್ಪ್ಯಾನರ್ ಇನ್ನೂ ಹೊರಗೇ ಕೂತಿದ್ದಾನೆ. ನಾನಾಗಿ ಕೇಳ್ಕೋತಿದ್ದೀನಿ, ಇವತ್ತೇ ಆ ವೈರ್ ಸೇರಿಸಿಕೊಂಡುಬಿಡು."

ತಮ್ಮ ಕೊನೆಯ ಬಿರಡೆಯನ್ನು ತಿರುಗಿಸಿ ಬಿಗಿ ಮಾಡಿದ. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ, ನಿದ್ದೆಹೋದ ಮಗುವನ್ನು ಎತ್ತಿಕೊಂಡವನಂತೆ ತುಳುಕದ ಹಾಗೆ ಹಿಡಿದ. ಗೋಡೆಯ ಕಡೆ ಹೋಗಲಿಲ್ಲ. ಮನೆಯೊಳಗಿಂದ ಮುಂಬಾಗಿಲಿಗೆ ಹೋಗುವ ದಾರಿಗೆ ತಿರುಗಿ ನಿಂತ.

"ಇಲ್ಲ ಅತ್ತಿಗೆ," ಎಂದ. "ಮುಂದಿನ ವಾರ ಈ ಬಾಗಿಲಿಂದಲೇ ತಂದು ನಾನೇ ಚಾರ್ಜಿಗೆ ಹಾಕ್ತೀನಿ. ವೈರ್ ಸೇರಿಸಲ್ಲ."